ಕೇಳಿ, ಹೇಳುತ್ತೇವೆ: ಸರ್ಫ್ ಬೋರ್ಡಿಗೆ ಯಾವ ಫೋಮ್ ಬ್ಲಾಂಕ್?

ಸರ್ಫ್ ಬೋರ್ಡ್ ಕೆತ್ತಲು ತರುವ ಒರಟು ಫೋಮ್ ದಿಮ್ಮಿಗೆ ಬ್ಲಾಂಕ್ ಎನ್ನುತ್ತಾರೆ. ಬೋರ್ಡಿನ ಆಕಾರಕ್ಕೆ ಹತ್ತಿರವಾಗಿ ಅಚ್ಚಿನಲ್ಲೇ ಉಬ್ಬಿ ಬಂದದ್ದಿರಬಹುದು, ದೊಡ್ಡ ಥರ್ಮೋಕೋಲ್ ಬ್ಲಾಕಿನಿಂದ ಬಿಸಿ ತಂತಿಯಲ್ಲಿ ಕತ್ತರಿಸಿದ್ದೂ ಇರಬಹುದು. ಅದನ್ನು ಕೀಸಿ, ಗ್ಲಾಸ್ ಬಟ್ಟೆ ಹೊದಿಸಿ, ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಕುಡಿಸಿದರೆ ಬೋರ್ಡು. ಈ ಸಲದ ಪತ್ರಗಳಲ್ಲಿ ಬಹುಪಾಲು ಇದರ ಸುತ್ತಲೇ ಇದ್ದವು. ಹಾಗಾಗಿ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ನನ್ನ ತೂಕ 68 ಕೆ.ಜಿ. ಸಸಿಹಿತ್ಲುವಿನಲ್ಲಿ ಎರಡು ವರ್ಷದಿಂದ ಬಾಡಿಗೆ ಬೋರ್ಡಿನಲ್ಲಿ ಕಲಿಯುತ್ತಿದ್ದೇನೆ. 7 ಅಡಿ 2 ಇಂಚಿನ ಬೋರ್ಡೊಂದನ್ನು ನಾನೇ ಕೆತ್ತಬೇಕೆಂದಿದ್ದೇನೆ. ಹೊರದೇಶದಿಂದ ಪಿಯು ಬ್ಲಾಂಕ್ ತರಿಸಲೇ, ಇಲ್ಲೇ ಸಿಗುವ ಥರ್ಮೋಕೋಲಿನಲ್ಲಿ ಮಾಡಲೇ?
— ವಿದ್ಯಾರ್ಥಿ, ಮೂಲ್ಕಿ

ಉತ್ತರ: ಫೋಮ್ ಆಮೇಲೆ. ರೆಸಿನ್ ಯಾವುದೆಂದು ಮೊದಲು ತೀರ್ಮಾನಿಸಿ. ಪಿಯು, ಅಂದರೆ ಪಾಲಿಯುರೆಥೇನ್ ಫೋಮಿಗೆ ಪಾಲಿಯೆಸ್ಟರ್ ರೆಸಿನ್ನೂ ಆಗುತ್ತದೆ, ಇಪಾಕ್ಸಿಯೂ ಆಗುತ್ತದೆ. ಥರ್ಮೋಕೋಲಿಗೆ, ಅಂದರೆ ಇಪಿಎಸ್‌ಗೆ, ಇಪಾಕ್ಸಿ ಬಿಟ್ಟರೆ ಗತಿಯಿಲ್ಲ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಎಂಬ ದ್ರವ ಇರುತ್ತದೆ. ಅದು ಪಾಲಿಸ್ಟೈರೀನನ್ನು ಕರಗಿಸುತ್ತದೆ. ಅನುಮಾನವಿದ್ದರೆ ಒಂದು ತುಂಡು ಥರ್ಮೋಕೋಲಿನ ಮೇಲೆ ನಾಲ್ಕು ಹನಿ ಪಾಲಿಯೆಸ್ಟರ್ ಬಿಟ್ಟು ನೋಡಿ. ಇರುವೆ ಗೂಡಿನ ಬಾಯಿಯಂಥ ಗುಳಿ ಬೀಳುತ್ತದೆ. ಅಸಿಟೋನ್ ಮತ್ತು ಕೆಲವು ಸ್ಪ್ರೇ ಪೇಂಟುಗಳದ್ದೂ ಇದೇ ಕತೆ. ಬಣ್ಣ ಹೊಡೆಯುವ ಆಸೆಯಿದ್ದರೆ ನೀರಿನ ಪೇಂಟೇ ಇರಲಿ.

ಈಗ ಅಳತೆ. ಬೋರ್ಡ್ ಎಷ್ಟು ಲೀಟರ್ ಎಂದು ಅಂದಾಜಿಸಲು ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ, 0.0164ರಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ 55ರಷ್ಟು ಹಿಡಿಯಿರಿ. ಮೂತಿ, ಬಾಲ, ಅಂಚುಗಳು ತೆಳುವಾಗುವುದರಿಂದ ಈ ಕಡಿತ. 86 × 21 × 2¾ ಇಂಚಿಗೆ ಸುಮಾರು 45 ಲೀಟರ್ ಬರುತ್ತದೆ. 68 ಕೆ.ಜಿ.ಯ, ಇನ್ನೂ ಕಲಿಯುತ್ತಿರುವ ನಿಮಗೆ ಅದು ಸರಿಯಾದ ತೇಲುವಿಕೆ. ಈ 45 ಲೀಟರಿಗೆ ಘನ ಮೀಟರಿಗೆ 45 ಕೆ.ಜಿ. ಸಾಂದ್ರತೆಯ ಪಿಯು ಆದರೆ ಬರೀ ಫೋಮೇ 2 ಕೆ.ಜಿ., 24 ಕೆ.ಜಿ. ಸಾಂದ್ರತೆಯ ಥರ್ಮೋಕೋಲ್ ಆದರೆ 1 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಆದರೆ ಈ ಉಳಿತಾಯವೆಲ್ಲ ನಿಮ್ಮ ಕೈಗೆ ಬರುವುದಿಲ್ಲ. ಥರ್ಮೋಕೋಲ್ ಮಣಿಗಳ ಸಂದು ಮುಚ್ಚಲು ಹೆಚ್ಚು ರೆಸಿನ್ ಬೇಕಾಗಿ ಅರ್ಧದಷ್ಟು ಅಲ್ಲೇ ಮರಳಿ ಸೇರಿಕೊಳ್ಳುತ್ತದೆ.

ಕೆತ್ತುವ ಸುಖದಲ್ಲಿ ಪಿಯುವೇ ಮೇಲು. ಕೀಸುಳಿ ಹಾಕಿದರೆ ಗಟ್ಟಿ ಬೆಣ್ಣೆಯಂತೆ ಬರುತ್ತದೆ, 120ರ ಸ್ಯಾಂಡ್ ಪೇಪರಿಗೆ ನುಣುಪಾಗುತ್ತದೆ, ತಪ್ಪಿದರೂ ತಿದ್ದಬಹುದು. ಥರ್ಮೋಕೋಲಿನಲ್ಲಿ ಅಲಗು ಮೊಂಡಾದರೆ ಮಣಿಗಳು ಇಡಿಯಾಗಿ ಕಿತ್ತುಬಂದು ಮೈಮೇಲೆ ಸಿಡುಬಿನ ಕಲೆಯಂತೆ ಗುಳಿಗಳು ಉಳಿಯುತ್ತವೆ. ಆದರೆ ತರಿಸುವ ಖರ್ಚು ನೋಡಿ. ಕೊರಿಯರಿನವರು ತೂಕ ನೋಡುವುದಿಲ್ಲ, ಜಾಗ ನೋಡುತ್ತಾರೆ. 230 × 60 × 15 ಸೆಂ.ಮೀ. ಪೊಟ್ಟಣವನ್ನು ರೂಢಿಯಂತೆ 5000ದಿಂದ ಭಾಗಿಸಿದರೆ 41 ಕೆ.ಜಿ. ಲೆಕ್ಕ ಬೀಳುತ್ತದೆ. ಒಳಗಿರುವುದು ಮೂರು ಚಿಲ್ಲರೆ ಕೆ.ಜಿ. ಫೋಮ್! ನಾಲ್ಕೈದು ಜನ ಸೇರಿ ಹಡಗಿನ ಸರಕಿನಲ್ಲಿ ಒಟ್ಟಿಗೆ ತರಿಸುವುದಾದರೆ ಪಿಯು ತರಿಸಿ. ಒಬ್ಬರೇ ಆದರೆ 25ರಿಂದ 30 ಕೆ.ಜಿ. ಸಾಂದ್ರತೆಯ ಥರ್ಮೋಕೋಲ್, ಇಪಾಕ್ಸಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಆಚೀಚೆ ಬಿಟ್ಟರೆ ಅಲೆಗಳು ಸಣ್ಣವು, ಬಲವೂ ಕಡಿಮೆ. ಅಲ್ಲಿ ಹಗುರ ಬೋರ್ಡಿಗೆ ಲಾಭವೇ ಹೆಚ್ಚು. 16 ಕೆ.ಜಿ.ಯದ್ದನ್ನು ಮಾತ್ರ ಹಗುರವೆಂಬ ಆಸೆಗೆ ಬಿದ್ದು ಮುಟ್ಟಬೇಡಿ. ನಿಂತಲ್ಲೆಲ್ಲ ಹಿಮ್ಮಡಿಯ ಗುಂಡಿ ಬೀಳುತ್ತದೆ.

ಇಡೀ ಬೋರ್ಡಿಗೆ ಇಪಾಕ್ಸಿ, ಹಾರ್ಡನರ್ ಸೇರಿ ಒಂದೂವರೆಯಿಂದ ಎರಡು ಕೆ.ಜಿ. ಬೇಕಾದೀತು. ಡೆಕ್ಕಿಗೆ, ಅಂದರೆ ನಿಂತು ತುಳಿಯುವ ಮೇಲ್ಮೈಗೆ, ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಒಂದು ಪದರ, 135 ಗ್ರಾಮಿನದು ಇನ್ನೊಂದು ಪದರ, ತಳಕ್ಕೆ 200 ಗ್ರಾಮಿನದು ಒಂದೇ ಪದರ.

ಪ್ರಶ್ನೆ: ಥರ್ಮೋಕೋಲ್ ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ‘ಹೈ ಡೆನ್ಸಿಟಿ’ ಎನ್ನುತ್ತಾರೆ. ನಂಬುವುದು ಹೇಗೆ? ಎಷ್ಟು ದೊಡ್ಡ ಬ್ಲಾಕ್ ಬೇಕು?
— ಓದುಗರು, ಕುಂದಾಪುರ

ಉತ್ತರ: ನಂಬಬೇಡಿ, ತೂಗಿ. ಸೂಟ್‌ಕೇಸ್ ತೂಗುವ ಕೈ ತಕ್ಕಡಿ, ಒಂದು ಟೇಪು ಸಾಕು. 1 ಮೀಟರ್ × ಅರ್ಧ ಮೀಟರ್ × 10 ಸೆಂ.ಮೀ. ಹಲಗೆ ಎಂದರೆ 0.05 ಘನ ಮೀಟರ್. ಅದು 1.25 ಕೆ.ಜಿ. ತೂಗಿದರೆ ಸಾಂದ್ರತೆ 25. ಅರ್ಧ ಕೆ.ಜಿ.ಯೋ 600 ಗ್ರಾಮೋ ತೂಗಿದರೆ ಅದು ಟಿ.ವಿ. ಪೆಟ್ಟಿಗೆಯೊಳಗೆ ತುರುಕುವ ಮಾಲು. ಭಾರತೀಯ ಮಾನಕ ಐಎಸ್ 4671ರಲ್ಲಿ ಕಟ್ಟಡದ ಶಾಖನಿರೋಧಕ್ಕೆ ಬಳಸುವ ಥರ್ಮೋಕೋಲಿಗೆ 15, 20, 25, 30, 35 ಎಂಬ ದರ್ಜೆಗಳಿವೆ. ಪ್ಯಾಕಿಂಗ್ ಅಂಗಡಿ ಬಿಟ್ಟು ಕೋಲ್ಡ್ ಸ್ಟೋರೇಜಿಗೆ ಹಲಗೆ ಪೂರೈಸುವವರಲ್ಲಿ ಹೋಗಿ, ಈ ಸಂಖ್ಯೆಯನ್ನೇ ಹೇಳಿ ಕೇಳಿ.

ತೂಕ ಸರಿಯಿದ್ದರೆ ಸಾಲದು, ಮಣಿಗಳು ಒಂದಕ್ಕೊಂದು ಬೆಸೆದಿರಬೇಕು. ಒಂದು ಮೂಲೆ ಮುರಿದು ಮುರಿದ ಮೈಯನ್ನು ಬಿಸಿಲಿಗೆ ಹಿಡಿಯಿರಿ. ಮಣಿಗಳೇ ಸೀಳಿ ಒಳಗಿನ ಸಣ್ಣ ಸಣ್ಣ ಕೋಶಗಳು ಹೊಳೆಯುತ್ತಿದ್ದರೆ ಬೆಸುಗೆ ಚೆನ್ನಾಗಿದೆ. ದುಂಡಗಿನ ಮಣಿಗಳು ಸೀಳದೆ ಸಾಬೂದಾನದಂತೆ ಇಡಿಯಾಗಿ ಬಿಟ್ಟುಕೊಂಡಿದ್ದರೆ ಆ ಮಾಲು ಬೇಡ. ಬೋರ್ಡಿಗೆ ಒಂದು ಸಣ್ಣ ಬಿರುಕು ಬಿದ್ದರೂ ಆ ಸಂದುಗಳಲ್ಲೇ ನೀರು ಬಾಲದಿಂದ ಮೂತಿಯವರೆಗೆ ನಡೆದುಹೋಗುತ್ತದೆ. ಬೇರೆ ಬೇರೆ ಗಾತ್ರದ ಮಣಿ, ನಡುನಡುವೆ ಪುಡಿ, ಬಣ್ಣದ ಚೂರು ಕಂಡರೆ ಹಳೆ ಮಾಲು ಅರೆದು ಸೇರಿಸಿದ್ದಾರೆ ಎಂದರ್ಥ. ಒಂದೇ ಎಳೆತಕ್ಕೆ ಕೀಸುಳಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತೆಗೆಯುವುದು ಇಂಥದ್ದರಲ್ಲೇ.

ಹೊಸದಾಗಿ ಅಚ್ಚಿನಿಂದ ತೆಗೆದ ಬ್ಲಾಕನ್ನು ಅಂದೇ ಕತ್ತರಿಸಬೇಡಿ. ಒಳಗೆ ಪೆಂಟೇನ್ ಅನಿಲ, ಹಬೆಯ ತೇವ ಉಳಿದಿರುತ್ತದೆ. ಎರಡು ಮೂರು ವಾರ ಗಾಳಿಯಾಡುವ ನೆರಳಿನಲ್ಲಿ ಇರಲಿ. ಇಲ್ಲದಿದ್ದರೆ ಕತ್ತರಿಸಿದ ಮೇಲೆ ಕುಗ್ಗಿ ತಿರುಚಿಕೊಳ್ಳುತ್ತದೆ.

ಬ್ಲಾಕಿನ ಗಾತ್ರದಲ್ಲಿ ಎಲ್ಲರೂ ಎಡವುವುದು ಎತ್ತರದಲ್ಲಿ. ಬೋರ್ಡ್ 2¾ ಇಂಚು ದಪ್ಪ, ಹಾಗಾಗಿ 3 ಇಂಚಿನ ಹಲಗೆ ಸಾಕು ಎಂದುಕೊಳ್ಳುತ್ತಾರೆ. ಬೋರ್ಡ್ ಚಪ್ಪಟೆಯಲ್ಲವಲ್ಲ! ಮೂತಿ 4½ ಇಂಚು ಮೇಲೆದ್ದು, ಅಲ್ಲಿ ಒಂದು ಇಂಚು ಫೋಮ್ ಇರಬೇಕಾದರೆ ಬ್ಲಾಕ್ 6 ಇಂಚು ಎತ್ತರ ಇರಲೇಬೇಕು. 7 ಅಡಿ 2 ಇಂಚಿನ ಬೋರ್ಡಿಗೆ 7 ಅಡಿ 6 ಇಂಚು ಉದ್ದ, 22 ಇಂಚು ಅಗಲ, 6 ಇಂಚು ಎತ್ತರ ಎಂದು ಹೇಳಿ. 9 ಇಂಚು ಎತ್ತರದ್ದು ತಂದರೆ ಬಾಳೆ ಚಿಪ್ಪಿನ ಹಣ್ಣುಗಳಂತೆ ಒಂದರಡಿ ಒಂದು ಬಾಗಿ, ಎರಡು ಬ್ಲಾಂಕ್ ಬರುತ್ತವೆ. ಗೆಳೆಯನೊಬ್ಬನನ್ನು ಸೇರಿಸಿಕೊಳ್ಳುವುದು ಲಾಭ.

ಕತ್ತರಿಸಲು ನೈಕ್ರೋಮ್ ತಂತಿಯ ಬಿಲ್ಲು. ತಂತಿ ಸಡಿಲಿರಬಾರದು. ಬ್ಲಾಕಿನ ಎರಡೂ ಪಕ್ಕಕ್ಕೆ ಬೋರ್ಡಿನ ಬಾಗಿನ ಆಕಾರದಲ್ಲಿ ಕತ್ತರಿಸಿದ 4 ಮಿ.ಮೀ. ಪ್ಲೈವುಡ್ ಅಚ್ಚು ಮೊಳೆಯಿಂದ ಕೂರಿಸಿ, ಅದರ ಅಂಚಿನ ಮೇಲೆ ತಂತಿ ಜಾರಿಸಬೇಕು. ಎರಡೂ ಅಚ್ಚಿನ ಮೇಲೆ ಎರಡೆರಡು ಇಂಚಿಗೆ ಗೆರೆ ಎಳೆದು ಸಂಖ್ಯೆ ಬರೆಯಿರಿ. ಒಬ್ಬರು ‘ಹನ್ನೆರಡು’ ಎಂದಾಗ ಎದುರಿನವರ ತಂತಿಯೂ ಹನ್ನೆರಡರಲ್ಲೇ ಇರಬೇಕು. ಒಬ್ಬರು ಮುಂದೆ ಹೋದರೆ ಬ್ಲಾಂಕ್ ತಿರುಚುತ್ತದೆ. ಎಲ್ಲಾದರೂ ನಿಂತರೆ ಅಲ್ಲೊಂದು ಕೊರಕಲು ಬೀಳುತ್ತದೆ. ಬಾಗಿಲು ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ. ಇನ್ನೊಂದು ಮಾತು, ಇದನ್ನು ದಪ್ಪಕ್ಷರದಲ್ಲೇ ಓದಿಕೊಳ್ಳಿ: ಪಿಯು ಫೋಮಿಗೆ ಬಿಸಿ ತಂತಿ ಎಂದೂ ಮುಟ್ಟಿಸಬಾರದು. ಸುಟ್ಟ ಪಾಲಿಯುರೆಥೇನಿನಿಂದ ಹೈಡ್ರೋಜನ್ ಸಯನೈಡ್ ಸೇರಿದಂತೆ ವಿಷಾನಿಲ ಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ದೋಣಿಯ ಐಸ್ ಪೆಟ್ಟಿಗೆಗೆ ಎರಡು ಡಬ್ಬದ ದ್ರವ ಬೆರೆಸಿ ಪಫ್ (ಪಿಯು ಫೋಮ್) ಸುರಿಯುತ್ತೇವೆ. ಅದನ್ನೇ ಅಚ್ಚಿಗೆ ಸುರಿದು ಬ್ಲಾಂಕ್ ಮಾಡಬಹುದಲ್ಲ? ಪಾಲಿಯೆಸ್ಟರ್ ರೆಸಿನ್, ಗ್ಲಾಸ್ ಮ್ಯಾಟ್ ಹೇಗೂ ಇದೆ.
— ಫೈಬರ್ ದೋಣಿ ಕೆಲಸಗಾರರು, ಮಲ್ಪೆ

ಉತ್ತರ: ರಸಾಯನ ಒಂದೇ ಕುಲದ್ದು, ಆದರೆ ಆ ಕೆಲಸಕ್ಕೆ ಇಳಿಯಬೇಡಿ. ಪಫ್ ಸುರಿದಾಗ ಕೆಳಗೆ ಬಿಗಿ, ಮೇಲೆ ಸಡಿಲ, ನಡುವೆ ಗಾಳಿಗುಳ್ಳೆ. ಐಸ್ ಪೆಟ್ಟಿಗೆಯ ಗೋಡೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಬೋರ್ಡ್ ಕೀಸುವಾಗ ಒಂದು ಅಂಚಿನಲ್ಲಿ ಬೊಕ್ಕೆ ತೆರೆದುಕೊಂಡರೆ ಅಲ್ಲಿಗೆ ಮುಗಿಯಿತು. 50–60 ಲೀಟರ್ ಒಟ್ಟಿಗೆ ಉಬ್ಬಿದಾಗ ಒಳಗಿನ ಬಿಸಿ ಹೊರಬರಲು ದಾರಿಯಿಲ್ಲದೆ ನಡುಭಾಗ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಉಬ್ಬುವ ಒತ್ತಡವನ್ನು ಪ್ಲೈವುಡ್ ಅಚ್ಚು ತಡೆಯುವುದೂ ಇಲ್ಲ. ಬ್ಲಾಂಕ್ ಕಾರ್ಖಾನೆಗಳಲ್ಲಿ ಸಿಮೆಂಟಿನ ಭಾರೀ ಅಚ್ಚು ಬಳಸುವುದು ಸುಮ್ಮನೆ ಅಲ್ಲ. ಪಫ್ ದ್ರವದಲ್ಲಿರುವ ಐಸೊಸಯನೇಟಿನ ಆವಿ ಶ್ವಾಸಕೋಶಕ್ಕೆ ಒಮ್ಮೆ ಒಗ್ಗದಾದರೆ ಆಮೇಲೆ ಸ್ವಲ್ಪ ಸೋಕಿದರೂ ಉಬ್ಬಸ ಬರಬಹುದು. ಇದನ್ನು ದಿನವೂ ಪಫ್ ಸುರಿಯುವ ನಿಮಗೇ ಒತ್ತಿ ಹೇಳಬೇಕು.

ಮ್ಯಾಟಿನ ವಿಷಯ: ಎಳೆಗಳನ್ನು ನೇಯದೆ ಅಂಟಿಸಿದ 450 ಗ್ರಾಮಿನ ಮ್ಯಾಟ್ ಚದರ ಮೀಟರಿಗೆ ಒಂದು ಕೆ.ಜಿ.ಯಷ್ಟು ರೆಸಿನ್ ಕುಡಿಯುತ್ತದೆ. ನೇಯ್ದ 200 ಗ್ರಾಮಿನ ಬಟ್ಟೆಗೆ 250 ಗ್ರಾಂ ಸಾಕು. ಬೋರ್ಡಿನ ಎರಡೂ ಮೈ ಸೇರಿ 2 ಚದರ ಮೀಟರ್ ಎಂದರೆ ಮ್ಯಾಟಿನಲ್ಲಿ ಮೂರು ಕೆ.ಜಿ. ಹತ್ತಿರ, ಬಟ್ಟೆಯಲ್ಲಿ ಒಂದು ಕೆ.ಜಿ.ಯೂ ಇಲ್ಲ. ಥರ್ಮೋಕೋಲ್ ಬೋರ್ಡಿನ ಮೇಲೆ ಇಪಾಕ್ಸಿಯಿಂದ ಮ್ಯಾಟ್ ಕೂರಿಸಲು ಹೊರಟರೆ ಇನ್ನೂ ಫಜೀತಿ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಸ್ಟೈರೀನಿಗೆ ಕರಗುವಂಥದ್ದು, ಇಪಾಕ್ಸಿಗೆ ಕರಗುವುದಿಲ್ಲ. ಹಾಗಾಗಿ ಮ್ಯಾಟ್ ಬಗ್ಗದೆ ಸೆಟೆದೇ ನಿಲ್ಲುತ್ತದೆ. ನಿಮ್ಮ ರೆಸಿನ್ ಕೈ ಪಳಗಿದೆ, ಅದು ದೊಡ್ಡ ಬಂಡವಾಳ. ಬ್ಲಾಂಕ್ ಮಾತ್ರ ಕೊಂಡು ತನ್ನಿ.

ಪ್ರಶ್ನೆ: ತಾರಸಿಗೆ ಹಾಸುವ ನೀಲಿ, ಗುಲಾಬಿ ಎಕ್ಸ್‌ಪಿಎಸ್ ಹಲಗೆ (ಮಣಿಗಳಿಲ್ಲದ ಪಾಲಿಸ್ಟೈರೀನ್ ಫೋಮ್) ನೀರು ಹೀರುವುದೇ ಇಲ್ಲವಂತೆ. ಬೋರ್ಡಿಗೆ ಅದೇ ಉತ್ತಮ ಅಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ನೀರು ಹೀರದಿರುವುದು ನಿಜ. ತೊಂದರೆ ಶುರುವಾಗುವುದೂ ಅಲ್ಲೇ. ಕೋಶಗಳೆಲ್ಲ ಮುಚ್ಚಿರುವುದರಿಂದ ಒಳಗಿನ ಅನಿಲ ಬಿಸಿಲಿಗೆ ಹಿಗ್ಗಿ ಹೊರಹೋಗಲಾರದೆ ಫೋಮಿಗೂ ಗ್ಲಾಸಿಗೂ ನಡುವೆ ಬಂದು ಸೇರುತ್ತದೆ. ಮೈ ನುಣುಪಾಗಿರುವುದರಿಂದ ರೆಸಿನ್ನಿನ ಹಿಡಿತವೂ ಸಡಿಲ. ಒಂದೆರಡು ಬೇಸಿಗೆಯಲ್ಲಿ ಡೆಕ್ ಪೂರಿಯಂತೆ ಉಬ್ಬಿ ಏಳುತ್ತದೆ. ಮಾಡಲೇಬೇಕೆಂದರೆ ಮೇಲಿನ ಹೊಳಪು ಪದರವನ್ನು ಪೂರ್ತಿ ಕೀಸಿ, 40ರ ಪೇಪರಿನಲ್ಲಿ ಮೈ ಒರಟು ಮಾಡಿ, ಬಿಳಿ ಬಣ್ಣವನ್ನೇ ಹೊಡೆದು, ನೆರಳಲ್ಲೇ ಇಡಬೇಕು. ಇಷ್ಟು ಹರಕೆ ಹೊರುವ ಬದಲು ಒಳ್ಳೆಯ ಇಪಿಎಸ್ ಹುಡುಕುವುದು ಸುಲಭ.

ಪ್ರಶ್ನೆ: ಬ್ಲಾಂಕ್ ಕ್ಯಾಟಲಾಗಿನಲ್ಲಿ ಒಂದೇ ಉದ್ದದ್ದು ಐದಾರು ಬಗೆ ಇವೆ. ರಾಕರ್ ಎಂದು ಏನೇನೋ ಸಂಖ್ಯೆ. ಹೇಗೂ ಕೆತ್ತುವುದೇ ತಾನೇ, ಯಾವುದಾದರೇನು?
— ಓದುಗರು, ಗೋಕರ್ಣ

ಉತ್ತರ: ಈ ಸಲದ ಪತ್ರಗಳಲ್ಲಿ ನಮಗೆ ಹಿಡಿಸಿದ ಪ್ರಶ್ನೆ ಇದು. ಫೋಮಿನ ಜಾತಿ, ಬ್ರ್ಯಾಂಡು ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಬೋರ್ಡ್ ಕೆಡುವುದು ಹೆಚ್ಚಾಗಿ ರಾಕರ್ ನೋಡದೆ ತಂದ ಬ್ಲಾಂಕಿನಿಂದ.

ರಾಕರ್ ಎಂದರೆ ತಳದ ಬಾಗು. ಬ್ಲಾಂಕನ್ನು ತಳ ಮೇಲಾಗಿ ಮಲಗಿಸಿ, ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನಟ್ಟನಡುವೆ ತಾಗುವಂತೆ ಸಮತಟ್ಟಾಗಿ ಇಡಿ. ಮೂತಿಯ ತುದಿಗೂ ಪಟ್ಟಿಗೂ ಇರುವ ಅಂತರ ಮೂತಿ ರಾಕರ್, ಬಾಲದ ಕಡೆಯದು ಬಾಲ ರಾಕರ್. 6 ಅಡಿಯ ಚುರುಕು ಶಾರ್ಟ್‌ಬೋರ್ಡಿಗೆ ಮೂತಿಯಲ್ಲಿ 5 ಇಂಚಿನ ಆಸುಪಾಸು, ಬಾಲದಲ್ಲಿ 2¼ರಿಂದ 2½. 5 ಅಡಿ 8 ಇಂಚಿನ, ಗಿಡ್ಡ ಮತ್ತು ಅಗಲವಾದ ಫಿಶ್ ಬೋರ್ಡಿಗೆ ಸುಮಾರು 4 ಮತ್ತು 2. ಬಾಗು ಹೆಚ್ಚಿದ್ದರೆ ಕಡಿದಾದ ಅಲೆಯಲ್ಲಿ ಮೂತಿ ಮುಳುಗುವುದಿಲ್ಲ, ಆದರೆ ಸಣ್ಣ ಅಲೆಯಲ್ಲಿ ನೀರನ್ನು ದೂಡುತ್ತಾ ತೆವಳುತ್ತದೆ. ಅಕ್ಟೋಬರಿನ ನಂತರದ ಗೋಕರ್ಣದ ಅಲೆಗೆ ಚಪ್ಪಟೆ ಬ್ಲಾಂಕೇ ವಾಸಿ.

‘ಹೇಗೂ ಕೆತ್ತುವುದೇ’ ಎಂದಿರಿ. ಕೆತ್ತಿ ತೆಗೆಯಬಹುದು, ಕೆತ್ತಿ ಸೇರಿಸಲಾಗದು. ಮೂತಿ ರಾಕರನ್ನು ಅರ್ಧ ಇಂಚು ಹೆಚ್ಚಿಸಬೇಕೆಂದರೆ ಮೂತಿಯ ತಳದಿಂದ ಅರ್ಧ ಇಂಚು ತೆಗೆಯಬೇಕು. ಅಲ್ಲಿ ಇರುವುದೇ ಒಂದೂವರೆ ಇಂಚು. ಕಡಿಮೆ ಮಾಡಬೇಕೆಂದರೆ ನಡುವಿನ ತಳದಿಂದ ಅರ್ಧ ಇಂಚು ತೆಗೆಯಬೇಕು. ಆಗ ಬೋರ್ಡಿನ ದಪ್ಪವೇ ಹೋಯಿತು, ನಿಮ್ಮನ್ನು ತೇಲಿಸುವ ಲೀಟರೂ ಹೋಯಿತು.

ಪಿಯು ಬ್ಲಾಂಕಿನಲ್ಲಿ ಇನ್ನೊಂದು ನಷ್ಟವೂ ಸೇರುತ್ತದೆ. ಅಚ್ಚಿನ ಗೋಡೆಗೆ ಒತ್ತಿಕೊಂಡು ಉಬ್ಬಿದ ಹೊರಭಾಗ ಗಟ್ಟಿ, ಒಳಗೆ ಹೋದಂತೆ ಮೆತ್ತಗೆ, ಬ್ರೆಡ್ಡಿನ ಹಾಗೆ. ನಿಂತು ತುಳಿಯುವ ಡೆಕ್ಕಿನಲ್ಲಿ ಆ ಗಟ್ಟಿ ಪದರ ಉಳಿಯಬೇಕು. 3¼ ಇಂಚಿನ ಬ್ಲಾಂಕಿನಿಂದ 2¾ ಇಂಚಿನ ಬೋರ್ಡ್ ತೆಗೆಯುವಾಗ ಹೋಗಬೇಕಾದ ಅರ್ಧ ಇಂಚಿನಲ್ಲಿ ಡೆಕ್ಕಿನಿಂದ ಎಂಟನೇ ಒಂದು ಇಂಚು, ಸಿಪ್ಪೆ ಹೋಗುವಷ್ಟು ಮಾತ್ರ. ಉಳಿದ ಮೂರು ಪಾಲು ತಳದಿಂದ. ಆದ್ದರಿಂದಲೇ ತಳದ ಬಾಗು ನಿಮಗೆ ಬೇಕಾದುದಕ್ಕೆ ಹತ್ತಿರವಿರುವ, ದಪ್ಪದಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಉಳಿಕೆಯಿಲ್ಲದ ಬ್ಲಾಂಕ್ ಆರಿಸಬೇಕು. ಅಗಲದಲ್ಲಿ ಒಂದು ಇಂಚು, ಉದ್ದದಲ್ಲಿ ಎರಡರಿಂದ ನಾಲ್ಕು ಇಂಚು ಹೆಚ್ಚಿರಲಿ.

ಉದ್ದದ ಆ ನಾಲ್ಕು ಇಂಚನ್ನು ಎಲ್ಲಿಂದ ಕತ್ತರಿಸುತ್ತೀರಿ ಎಂಬುದರಲ್ಲಿ ಒಂದು ಜಾಣತನವಿದೆ. ಒಳ್ಳೆಯ ಕ್ಯಾಟಲಾಗಿನಲ್ಲಿ ತುದಿಯ ರಾಕರ್ ಜೊತೆಗೆ ತುದಿಯಿಂದ 12 ಇಂಚು ಒಳಗಿನದೂ ಕೊಟ್ಟಿರುತ್ತಾರೆ. ತುದಿಯಲ್ಲಿ 5½, ಹನ್ನೆರಡರಲ್ಲಿ 2½ ಎಂದಿದ್ದರೆ ಆ ಒಂದು ಅಡಿಯಲ್ಲೇ ಮೂರು ಇಂಚು ಏರಿದೆ ಎಂದಾಯಿತು. ನಾಲ್ಕು ಇಂಚನ್ನೂ ಮೂತಿಯಿಂದಲೇ ಕತ್ತರಿಸಿದರೆ ಒಂದು ಇಂಚಿಗೂ ಹೆಚ್ಚು ರಾಕರ್ ಇಳಿಯುತ್ತದೆ, ಒಂದು ಎಳೆ ಕೀಸದೆಯೇ. ಬಾಲದಿಂದ ಕತ್ತರಿಸಿದರೆ ಮೂತಿ ಹಾಗೇ ಉಳಿದು ಬಾಲ ಚಪ್ಪಟೆಯಾಗುತ್ತದೆ. ಬೋರ್ಡಿನ ಹೊರಗೆರೆಯ ಟೆಂಪ್ಲೇಟನ್ನು ಬ್ಲಾಂಕಿನ ಮೇಲೆ ಹಿಂದೆ ಮುಂದೆ ಜಾರಿಸಿ, ಪ್ರತಿ ಸಲವೂ ಎರಡೂ ತುದಿ ಅಳೆದು, ಆಮೇಲೆ ಪೆನ್ಸಿಲ್ ಹಿಡಿಯಿರಿ.

ದೊಡ್ಡ ತಯಾರಕರಲ್ಲಿ ಬೇಕಾದ ರಾಕರ್ ಹೇಳಿ ಮಾಡಿಸಲೂ ಬಹುದು. ಬ್ಲಾಂಕನ್ನು ಉದ್ದಕ್ಕೆ ಸೀಳಿ, ಹೊಸ ಬಾಗಿಗೆ ಕತ್ತರಿಸಿದ ಮರದ ಪಟ್ಟಿಗೆ ಎರಡೂ ಹೋಳನ್ನು ಒತ್ತಿ ಅಂಟಿಸುತ್ತಾರೆ. ‘ಮೂತಿಗೆ ಕಾಲಿಂಚು ಹೆಚ್ಚು’ ಎಂದರೆ ಅಷ್ಟೇ ಬರುತ್ತದೆ.

ಬ್ಲಾಂಕ್ ಕೈಗೆ ಬಂದೊಡನೆ ತಿರುಚು ನೋಡಿ. ನೇರವಾದ ಎರಡು ರೀಪರ್ ಪಟ್ಟಿಗಳನ್ನು ಮೂತಿ, ಬಾಲದ ಬಳಿ ಅಡ್ಡಲಾಗಿ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಎರಡೂ ಒಂದೇ ಗೆರೆಯಾಗಿ ಕಾಣಬೇಕು. ಬಡಗಿಗಳು ಬಾಗಿಲ ಚೌಕಟ್ಟು ನೋಡುವ ಕ್ರಮವೇ. ಒಂದು ಪಟ್ಟಿ ಕತ್ತರಿಯಂತೆ ಅಡ್ಡ ಹಾಯ್ದರೆ ಬ್ಲಾಂಕ್ ವಾಪಸು ಕಳಿಸಿ.

ಪ್ರಶ್ನೆ: ಇಲ್ಲಿ ನೆರೆಯವರು ಗರಾಜ್ ಖಾಲಿ ಮಾಡುವಾಗ ‘ಕ್ಲಾರ್ಕ್ ಫೋಮ್’ ಎಂದು ಮುದ್ರೆಯಿರುವ ಹಳೆಯ ಬ್ಲಾಂಕ್ ಮಾರುತ್ತಿದ್ದಾರೆ. ಹಳದಿಯಾಗಿದೆ. ತೆಗೆದುಕೊಳ್ಳಲೇ?
— ಕನ್ನಡಿಗರು, ಸ್ಯಾನ್ ಡಿಯಾಗೊ

ಉತ್ತರ: ಅದು ಕನಿಷ್ಠ 2005ರದ್ದು, ಅಥವಾ ಅದಕ್ಕಿಂತ ಹಳೆಯದು. ಗಾರ್ಡನ್ ಕ್ಲಾರ್ಕ್ 1950ರ ದಶಕದ ಕೊನೆಯಲ್ಲಿ ಬೋರ್ಡ್ ತಯಾರಕ ಹೋಬಿ ಆಲ್ಟರ್ ಜೊತೆ ಸೇರಿ ಬಾಲ್ಸಾ ಮರದ ಬದಲಿಗೆ ಪಾಲಿಯುರೆಥೇನ್ ಫೋಮ್ ಪಳಗಿಸಿದವರು. 1961ರಲ್ಲಿ ಸ್ವಂತ ಕಂಪನಿ ತೆರೆದು ಅಮೆರಿಕದ ಬ್ಲಾಂಕ್ ಮಾರುಕಟ್ಟೆಯ ಬಹುಪಾಲನ್ನು ಹಿಡಿದಿದ್ದರು. 2005ರ ಡಿಸೆಂಬರ್ 5ರ ಸೋಮವಾರ ಗಿರಾಕಿಗಳಿಗೆ ಏಳು ಪುಟದ ಫ್ಯಾಕ್ಸ್ ಕಳಿಸಿ ಒಂದೇ ಏಟಿಗೆ ಕಾರ್ಖಾನೆ ಮುಚ್ಚಿದರು. ಫೋಮಿಗೆ ಬಳಸುತ್ತಿದ್ದ ಟಿಡಿಐ ಎಂಬ ವಿಷಕಾರಿ ರಾಸಾಯನಿಕ, ಅದರ ಸುತ್ತಲಿನ ಸರ್ಕಾರಿ ನಿಯಮ, ಹೊಣೆಗಾರಿಕೆ ಇವೇ ಅವರು ಕೊಟ್ಟ ಕಾರಣಗಳು. ಅಚ್ಚುಗಳನ್ನೂ ಒಡೆದು ಹಾಕಿಸಿದರು. ಸರ್ಫ್ ಲೋಕ ಆ ದಿನವನ್ನು ಈಗಲೂ ‘ಬ್ಲಾಂಕ್ ಮಂಡೇ’ ಎಂದು ಕರೆಯುತ್ತದೆ. ಥರ್ಮೋಕೋಲ್, ಇಪಾಕ್ಸಿಗೆ ಜನ ಗಂಭೀರವಾಗಿ ತಿರುಗಿದ್ದು ಆ ಬರಗಾಲದಲ್ಲೇ.

ಈಗ ನಿಮ್ಮ ಬ್ಲಾಂಕ್. ಹಳದಿ ಬಣ್ಣಕ್ಕೆ ಹೆದರಬೇಡಿ. ಬೆಳಕಿಗೆ ಪಿಯು ಹಳದಿಯಾಗುವುದು ಸಹಜ, ಅದು ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ. ಸಿಪ್ಪೆ ತೆಗೆದರೆ ಅಡಿಯಲ್ಲಿ ಬಿಳಿ ಫೋಮ್ ಸಿಗುತ್ತದೆ. ನೋಡಬೇಕಾದ್ದು ಮೂರು. ಗೋಡೆಗೆ ಒರಗಿಸಿಟ್ಟು ತಿರುಚಿದೆಯೇ? ನಡುವಿನ ಮರದ ಪಟ್ಟಿ ಅಂಟು ಬಿಟ್ಟಿದೆಯೇ? ಹೆಬ್ಬೆರಳಿನಿಂದ ಒತ್ತಿದರೆ ಎಲ್ಲಾದರೂ ಪುಡಿಯಾಗುತ್ತದೆಯೇ? ಮೂರೂ ಸರಿಯಿದ್ದು ರಾಕರ್ ನಿಮ್ಮ ಬೋರ್ಡಿಗೆ ಹೊಂದಿದರೆ ಹೊಸ ಬ್ಲಾಂಕಿನ ಬೆಲೆಯೊಳಗೆ ತೆಗೆದುಕೊಳ್ಳಿ. ಮುದ್ರೆಯ ಮೋಹಕ್ಕೆ ಹೆಚ್ಚು ಕೊಡುವುದಾದರೆ ಅದನ್ನು ಕೆತ್ತದೆ ಗೋಡೆಗೆ ತೂಗುಹಾಕುವುದೇ ಮೇಲು.

ಪ್ರಶ್ನೆ: ಸ್ಟ್ರಿಂಗರ್ ಇಲ್ಲದ ಬ್ಲಾಂಕ್ ಅಗ್ಗ. ನಡುವಿನ ಆ ಮರದ ಪಟ್ಟಿ ಬೇಕೇ ಬೇಕೇ?
— ಓದುಗರು, ಗೋಲ್ಡ್ ಕೋಸ್ಟ್, ಆಸ್ಟ್ರೇಲಿಯ

ಉತ್ತರ: ಮೊದಲ ಬೋರ್ಡಿಗೆ ಬೇಕು. ಬೋರ್ಡ್ ನಡು ಮುರಿಯದಂತೆ ತಡೆಯುವುದು ಅದರ ಒಂದು ಕೆಲಸ, ಕೆತ್ತುವವನಿಗೆ ಅಳಿಸಿಹೋಗದ ನಡುಗೆರೆಯಾಗಿ ನಿಲ್ಲುವುದು ಇನ್ನೊಂದು. ಪೆನ್ಸಿಲ್ ಗೆರೆ ಮೂರನೇ ಎಳೆತಕ್ಕೇ ಹೋಗಿಬಿಡುತ್ತದೆ. ಮರ ಫೋಮಿಗಿಂತ ಗಟ್ಟಿ, ಹಾಗಾಗಿ ಸ್ಯಾಂಡ್ ಪೇಪರ್ ಹಾಕಿದಾಗ ಪಕ್ಕದ ಫೋಮ್ ತಗ್ಗಿ ಪಟ್ಟಿ ದಿಂಡಿನಂತೆ ಎದ್ದು ನಿಲ್ಲುತ್ತದೆ. ಹರಿತವಾದ ಚಿಕ್ಕ ಕೀಸುಳಿಯಲ್ಲಿ ಅದನ್ನಷ್ಟೇ ಮೊದಲು ಇಳಿಸಿಕೊಂಡು ಆಮೇಲೆ ಪೇಪರ್ ಹಾಕಬೇಕು. ಥರ್ಮೋಕೋಲಿಗೆ ನೀವೇ ಪಟ್ಟಿ ಕೂರಿಸುವುದಾದರೆ ಗಂಟಿಲ್ಲದ, ನೇರ ಎಳೆಯ ಹಗುರ ಮರದ 3–4 ಮಿ.ಮೀ. ಪಟ್ಟಿ ಸಾಕು. ಪ್ಲೈವುಡ್ ಬೇಡ, ಅದರ ಅಂಟಿಗೆ ಅಲಗು ಮೊಂಡಾಗುತ್ತದೆ.

ಪ್ರಶ್ನೆ: ಥರ್ಮೋಕೋಲ್ ಬ್ಲಾಂಕ್ ಚೆನ್ನಾಗಿಯೇ ಕೆತ್ತಿದೆ. ಇಪಾಕ್ಸಿ ಎಳೆದು ಊಟಕ್ಕೆ ಹೋಗಿ ಬಂದರೆ ಬಟ್ಟೆಯ ತುಂಬ ಗುಳ್ಳೆ. ಫೋಮ್ ಕೆಟ್ಟದ್ದೇ?
— ಓದುಗರು, ಉಡುಪಿ

ಉತ್ತರ: ಫೋಮಿನದ್ದಲ್ಲ, ಹೊತ್ತಿನದ್ದು ತಪ್ಪು. ಬೆಳಿಗ್ಗೆ ಹತ್ತಕ್ಕೆ ರೆಸಿನ್ ಎಳೆದಿದ್ದೀರಿ, ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಶೀಟು ಕಾದಿದೆ. ಮಣಿಗಳ ಸಂದಿನ ಗಾಳಿ ಹಿಗ್ಗಿ, ಇನ್ನೂ ಹಸಿಯಾಗಿರುವ ರೆಸಿನ್ ಮೂಲಕ ಮೇಲೆದ್ದಿದೆ. ಇಳಿಬಿಸಿಲಿನಲ್ಲಿ, ಸಂಜೆ ಐದರ ನಂತರ ಶುರು ಮಾಡಿ. ತಣ್ಣಗಾಗುವಾಗ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೇ ಸೆಳೆದುಕೊಳ್ಳುತ್ತದೆ. ಬಟ್ಟೆಗೂ ಮೊದಲು ಇಪಾಕ್ಸಿಗೆ ಮೈಕ್ರೋಬಲೂನ್ ಪುಡಿ (ಟೊಳ್ಳಾದ ಸೂಕ್ಷ್ಮ ಗುಂಡುಗಳ ಹಗುರ ಪುಡಿ) ಕಲಸಿ, ಇಡ್ಲಿ ಹಿಟ್ಟಿನ ಹದಕ್ಕೆ ತಂದು, ಪ್ಲಾಸ್ಟಿಕ್ ಹಲಗೆಯಿಂದ ಮೈಯೆಲ್ಲ ಎಳೆದು ಸಂದು ಮುಚ್ಚಿ. ಗೋಡೆಯ ಪುಟ್ಟಿ ಬಳಸುವವರಿದ್ದಾರೆ. ಸಿಮೆಂಟ್ ಪುಟ್ಟಿ ಬರೀ ಭಾರ, ರೆಸಿನ್ನಿನ ಅಡಿಯಿಂದ ಸಿಪ್ಪೆಯಂತೆ ಏಳುತ್ತದೆ.

ಈಗ ಬಿದ್ದ ಗುಳ್ಳೆಗಳನ್ನು ಪೂರ್ತಿ ಗಟ್ಟಿಯಾದ ಮೇಲೆ ಬ್ಲೇಡಿನಲ್ಲಿ ಬಿಡಿಸಿ, 80ರ ಪೇಪರ್ ಹಾಕಿ, ಅದೇ ಮೈಕ್ರೋಬಲೂನ್ ಹಿಟ್ಟಿನಿಂದ ತುಂಬಿ. ದೊಡ್ಡ ಗುಳ್ಳೆಯಿದ್ದಲ್ಲಿ ಮೇಲೊಂದು ಬಟ್ಟೆಯ ತೇಪೆ. ಮಳೆಗಾಲದಲ್ಲಿ ಇಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಎರಡನೇ ಕೋಟಿಗೆ ಮೊದಲು ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಹಾಕಿ ತೊಳೆದು ಒಣಗಿಸಿ. ಜಿಡ್ಡಿನ ಮೇಲೇ ಸ್ಯಾಂಡ್ ಪೇಪರ್ ಆಡಿಸಿದರೆ ಅದನ್ನು ಇನ್ನಷ್ಟು ಹರಡಿದಂತೆ.

ಪ್ರಶ್ನೆ: ಕೆತ್ತುವಾಗ ಏಳುವ ಪುಡಿಯನ್ನು ಏನು ಮಾಡಬೇಕು? ಕಡಲ ತಡಿಯ ತೋಟದಲ್ಲೇ ಕೆಲಸ.
— ಓದುಗರು, ಪಡುಬಿದ್ರಿ

ಉತ್ತರ: ತೋಟದಲ್ಲಿ ಬೇಡ. ಥರ್ಮೋಕೋಲ್ ಮಣಿ ಒಮ್ಮೆ ಗಾಳಿಗೆ ಹೋದರೆ ಮರಳಿನಿಂದ ಹೆಕ್ಕಲಾಗದು, ಮೀನು ಅದನ್ನು ತಿನ್ನುತ್ತದೆ. ನಾಲ್ಕು ಕಡೆ ಟಾರ್ಪಾಲು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಕೆಲಸ ಮಾಡಿ. ಮೈಗೆ ಅಂಟುವ ಮಣಿಗಳೂ ಒದ್ದೆ ಬಟ್ಟೆಗೆ ಬರುತ್ತವೆ. ದಿನದ ಕೊನೆಗೆ ಗುಡಿಸಿ ಚೀಲ ಕಟ್ಟಿ, ಥರ್ಮೋಕೋಲ್ ತಯಾರಕರು ಶುದ್ಧ ಚೂರನ್ನು ವಾಪಸು ಪಡೆಯುತ್ತಾರೆಯೇ ಕೇಳಿ ನೋಡಿ, ಇಲ್ಲವಾದರೆ ಒಣ ಕಸಕ್ಕೆ ಹಾಕಿ. ಸುಡುವುದಂತೂ ಬೇಡ. ಪಿಯು ಪುಡಿ ಹಿಟ್ಟಿನಷ್ಟು ನಯ, ಕರ್ಚೀಫ್ ಕಟ್ಟಿದರೆ ತಡೆಯದು. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಯೇ ಕೀಸುಳಿ ಹಿಡಿಯಿರಿ.